ಮಳವಳ್ಳಿಯ ಗೋಡೆಚಿತ್ರ, ಪುಟ್ಟತಾಯಿಯ ಮಡಿಲಕ್ಕಿ

ಎಪ್ಪತ್ತೆಂಟರ ಚಳಿಗಾಲದಲ್ಲಿ ಬೆಂಗಳೂರಿನಿಂದ ಬೆಳಗಿನ ರೈಲಿಗೆ ಹೊರಟೆ. ಕೈಯಲ್ಲಿ ಬಟ್ಟೆಗಿಂತ ಬಣ್ಣದ ಡಬ್ಬಗಳೇ ಹೆಚ್ಚು. ಮಳವಳ್ಳಿಯ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಗೆಳತಿ ಸರೋಜ, ಅಲ್ಲಿನ ಗೋಡೆಗೆ ಕುಟುಂಬ ಯೋಜನೆಯ ಚಿತ್ರ ಬರೆದುಕೊಡೆಂದು ಕರೆದಿದ್ದಳು. ಮದ್ದೂರಿನಲ್ಲಿ ಇಳಿದು ನಿಂತಲ್ಲೇ ವಡೆ ತಿಂದೆ. ಅಬ್ಬಾ, ಆ ಈರುಳ್ಳಿಯ ಘಮ! ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಅಲ್ಲಿಂದ ಮುಂದೆ ಬಸ್ಸು. ಕಬ್ಬಿನ ಗದ್ದೆಗಳ ನಡುವೆ ಕುಲುಕಾಡುತ್ತ, ಡಬ್ಬಗಳನ್ನು ತೊಡೆಯ ಮೇಲೆ ಅವಚಿಕೊಂಡು ಮಧ್ಯಾಹ್ನದ ಹೊತ್ತಿಗೆ ಊರು ಸೇರಿದೆ.

ಗರ್ಭಕೋಶವನ್ನು ದಾಸವಾಳದಷ್ಟು ಕೆಂಪಗೆ ಬರೆದು ಒಳಗೊಂದು ವಂಕಿ ಇಟ್ಟೆ. ಬಸಿರಾಗದಂತೆ ಆಗ ಆಸ್ಪತ್ರೆಯಲ್ಲಿ ಹಾಕುತ್ತಿದ್ದ ಪ್ಲಾಸ್ಟಿಕ್ಕಿನ ಸುರುಳಿಗೆ ಜನ ಇಟ್ಟಿದ್ದ ಹೆಸರದು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು. ಬಣ್ಣ ಕಲಸಲು ನೀರು ತಂದುಕೊಡುತ್ತಿದ್ದ ಎದುರು ಮನೆಯ ಪುಟ್ಟತಾಯಿ ಮಾತ್ರ ನಗಲಿಲ್ಲ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ.

“ಬ್ಯಾಡ ಅನ್ನೋರ್ಗೆ ಇಷ್ಟುದ್ದ ಬರ್ದಿದ್ದೀರಲ್ಲವ್ವ, ಬೇಕು ಅನ್ನೋರ್ಗೆ ಏನೂ ಇಲ್ವಾ?”

ನನಗೂ ಮಕ್ಕಳಿರಲಿಲ್ಲ. ಸಂಕಟವಾಯಿತು. ಆ ವರ್ಷವೇ ವಿಲಾಯಿತಿಯಲ್ಲಿ ಗಾಜಿನ ಬಟ್ಟಲಲ್ಲಿ ಬೀಜ ಕೂಡಿಸಿ ಮಗು ಪಡೆದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅದನ್ನು ಹೇಳಿದೆ.

“ಗಾಜ್ನಾಗಾ? ಒಡ್ದೋದ್ರೆ?” ಎಂದಳು. ಇಬ್ಬರೂ ನಕ್ಕುಬಿಟ್ಟೆವು.

ಗೋಡೆಯ ಮೂಲೆಯಲ್ಲಿ ಗಾಜಿನ ಬಟ್ಟಲು ಹಿಡಿದ ಹೆಂಗಸೊಬ್ಬಳನ್ನು ಬರೆದೆ. ಮೂಗಿನ ಬೊಟ್ಟು ಥೇಟ್ ಪುಟ್ಟತಾಯಿಯದೇ.

“ಇದನ್ನ ಯಾರು ಬರೆಯೋಕೆ ಹೇಳಿದ್ರೇ ನಿಂಗೆ? ಡಾಕ್ಟ್ರು ಬೈತಾರೆ ಕಣೇ,” ಎಂದು ಸರೋಜ ಹಣೆ ಚಚ್ಚಿಕೊಂಡಳು.

“ಬೈಯಲಿ ಬಿಡೇ,” ಎಂದೆ.

ಹೊರಡುವ ದಿನ ಸರೋಜಳ ಮನೆಯಲ್ಲಿ ಓಣಿಯ ಮುತ್ತೈದೆಯರು ಒಬ್ಬೊಬ್ಬರಾಗಿ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ನನ್ನ ಮಡಿಲು ತುಂಬಿದರು. ಪುಟ್ಟತಾಯಿ ಬಾಗಿಲಾಚೆಯೇ ನಿಂತಿದ್ದಳು. ಮಕ್ಕಳಿಲ್ಲದವಳ ಕೈಯಲ್ಲಿ ಮಡಿಲು ತುಂಬಿಸುವುದಿಲ್ಲವಂತೆ. ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ.

ಬಸ್ಸು ಹೊರಡುವುದರಲ್ಲಿತ್ತು, ನಾನಿನ್ನೂ ಮೆಟ್ಟಿಲ ಮೇಲಿದ್ದೆ. ಪುಟ್ಟತಾಯಿ ಮೊರ ಹಿಡಿದು ಓಡಿಬಂದಳು, ಏದುಸಿರು ಬಿಡುತ್ತ.

“ನನ್ ಕೈಲಿ ಯಾರೂ ತುಂಬುಸ್ಕಳಾಕಿಲ್ಲ ಕಣವ್ವ. ನೀವು ತುಂಬುಸ್ಕತ್ತೀರಾ?”

“ಬಿರ್‌ಬಿರ್ನೆ ಅತ್ತಿ ಕಣಮ್ಮ!” ಎಂದು ಕಂಡಕ್ಟರು ಕೂಗುತ್ತಿದ್ದ. ನಾನು ಕೆಳಗಿಳಿದು ಸೆರಗೊಡ್ಡಿದೆ. ಅವಳು ಅವಸರದಲ್ಲಿ ಮೊರ ಬಗ್ಗಿಸಿದಳು. ಅರ್ಧ ಅಕ್ಕಿ ಮಣ್ಣುಪಾಲು, ಅರ್ಧ ನನ್ನ ಮಡಿಲಿಗೆ. ಆಮೇಲೆ ಅವಳು ನನ್ನ ಹಣೆಗೆ ಕುಂಕುಮ ಇಟ್ಟಳು.

ಮದ್ದೂರಿನವರೆಗೂ ಸೆರಗಿನ ಗಂಟು ಬಿಚ್ಚಲಿಲ್ಲ. ನನಗೆ ಮಕ್ಕಳಾಗಲಿಲ್ಲ, ಆ ಗೋಡೆಗೂ ಮುಂದೆ ಸುಣ್ಣ ಬಳಿದರಂತೆ. ಆದರೆ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಾಗ ಪುಟ್ಟತಾಯಿ ಖಾಲಿ ಮೊರವನ್ನು ಎದೆಗವಚಿಕೊಂಡು, ಎದುರಾದವರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: “ನಾನೂ ತುಂಬುದೆ ಕಣ್ರೀ!”