ಪಂಚಮಿಯ ಹಗ್ಗ

ಕೇಶ್ವಾಪುರದ ಅಂಗಡಿಯಲ್ಲಿ ಪುಂಡಿ ನಾರಿನ ಹಗ್ಗವನ್ನು ಮೂಗಿಗೆ ಹಿಡಿದೆ. ಅಂಗಡಿಯವನು ನಕ್ಕ. ನಗಲಿ. ಅದು ನಮ್ಮಜ್ಜನ ಅಂಗೈಯ ವಾಸನೆ.

ಸುಳ್ಳ ಎಂಬ ನಮ್ಮೂರಿನ ಹೊಲದ ಬದುವಿನಲ್ಲಿ ಅಜ್ಜ ಪುಂಡಿ ಬೆಳೆಯುತ್ತಿದ್ದ. ಅದನ್ನು ಹಳ್ಳದಲ್ಲಿ ನೆನೆಹಾಕಿ, ನಾರು ಸುಲಿದು, ತೊಡೆಯ ಮೇಲೆ ಹೊಸೆದು, ನಾಗರ ಪಂಚಮಿಗೆ ಮೊಮ್ಮಕ್ಕಳಿಗೆಂದೇ ಜೋಕಾಲಿಯ ಹಗ್ಗ ಮಾಡುತ್ತಿದ್ದ. ಬೇರೆಯವರಿಗೆ ಹಬ್ಬಕ್ಕೆ ಹೊಸ ಲಂಗ, ನಮಗೆ ಹೊಸ ಹಗ್ಗ! ಬೇವಿನ ಗಿಡಕ್ಕೆ ಅದನ್ನು ಕಟ್ಟಿದ ಕೂಡಲೇ ನಾವು ಓಡಿ ಹೋದರೆ ಅಜ್ಜ ಅಡ್ಡ ನಿಲ್ಲುತ್ತಿದ್ದ.

“ತಡೀರಿ. ಹಗ್ಗ ಹೊಸೆದಾಂವ ನಾನು, ಮೊದಲ ನಾ ಕುಂಡ್ರತೇನಿ. ಹರದ್ರ ನನ್ನ ಸೊಂಟ ಮುರೀಲಿ.”

ಧೋತರ ಎತ್ತಿ ಕಟ್ಟಿ, ಮೀಸೆಯೊಳಗೇ ನಗುತ್ತ ಜೀಕುತ್ತಿದ್ದ. ಶೇಂಗಾ ಉಂಡಿ ಕಟ್ಟುತ್ತಿದ್ದ ಅಜ್ಜಿ ಹೊರಗೆ ಬಂದು, “ಇದು ಹೆಣ್ಮಕ್ಕಳ ಹಬ್ಬ ಐತ್ರಿ, ಸಾಕ, ಇಳೀರಿ!” ಎಂದು ಗದರುತ್ತಿದ್ದಳು. ಆದರೂ ಅಜ್ಜ ಇನ್ನೆರಡು ಸಲ ಜೀಕಿಯೇ ಇಳಿಯುತ್ತಿದ್ದ. ಅವನ ಹಗ್ಗ ಒಮ್ಮೆಯೂ ಹರಿಯಲಿಲ್ಲ.

ಇಂದು ರಾಯಾಪುರದ ಮನೆಯಲ್ಲಿ ಆ ಅಂಗಡಿಯ ಹಗ್ಗವನ್ನು ತೊಲೆಯ ಕೊಂಡಿಗೆ ಕಟ್ಟಿದೆ. ಮೊಮ್ಮಗಳು ಓಡಿ ಬಂದಳು.

“ತಡಿ. ಕಟ್ಟಿದಾಕಿ ನಾನು, ಮೊದಲ ನಾ ಕುಂಡ್ರತೇನಿ.”

ಹಗ್ಗ ಗಟ್ಟಿ ಎಂಬುದು ಮೊದಲ ಜೀಕಿಗೇ ಗೊತ್ತಾಯಿತು.

ಆದರೂ ಇನ್ನೆರಡು ಸಲ ಜೀಕಿದೆ.