ಅಂಗೈಯಲ್ಲಿದ್ದ ಅಪ್ಪ

ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರಿಗೂ ಕೈಸನ್ನೆಯ ಹೆಸರುಗಳಿವೆ. ಅವ್ವ ಎಂದರೆ ರೊಟ್ಟಿ ಬಡಿಯುವ ಕೈ. ನಾನೆಂದರೆ ಸೊಂಟದ ಮೇಲೆ ಎರಡೂ ಕೈ, ಗಂಟು ಮೋರೆ. ಜಗಳಗಂಟಿ ಅಂತ ಅರ್ಥ. ಅದರಲ್ಲಿ ಸುಳ್ಳೇನೂ ಇಲ್ಲ. ಅಪ್ಪ ಎಂದರೆ ಎಡ ಅಂಗೈ ಮೇಲೆ ಬಲ ಹೆಬ್ಬೆರಳು ತಿಕ್ಕುವುದು. ಗೋಡೆ ಕಟ್ಟುವ ಗೌಂಡಿ ಕೆಲಸದ ಅಪ್ಪ ದಿನವಿಡೀ ತಂಬಾಕಿಗೆ ಸುಣ್ಣ ಸೇರಿಸಿ ತಿಕ್ಕುತ್ತಲೇ ಇರುತ್ತಿದ್ದ. ತಮ್ಮ ಸಣ್ಣವನಿದ್ದಾಗ ತಾನೇ ಕಂಡುಕೊಂಡ ಹೆಸರು ಅದು. ನಾಲತವಾಡದ ನಮ್ಮ ಓಣಿಯವರೆಲ್ಲ ನೋಡಿ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ.

ಹೋದ ವರ್ಷ ಅಪ್ಪನ ದವಡೆಯಲ್ಲಿ ಹುಣ್ಣಾಯಿತು. ಬರಬರುತ್ತ ಬಾಯಿ ತೆರೆಯದಾಯಿತು. ಅವ್ವ ಅಂಬಲಿ ಸೋಸಿ ಚಮಚದಿಂದ ಕುಡಿಸುತ್ತಿದ್ದಳು. ವಿಜಯಪುರದ ದವಾಖಾನೆಗೆ ಕರೆದೊಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು.

ಅಪ್ಪ ಹೋದ ಕೆಲವು ತಿಂಗಳಿಗೆ ತಮ್ಮನ ಶಾಲೆಯಲ್ಲಿ ದುಶ್ಚಟಗಳ ಬಗ್ಗೆ ಭಾಷಣ ಇಟ್ಟಿದ್ದರು. ಒಂಬತ್ತನೇ ತರಗತಿಯ ಇವನು ಏನೂ ತಿಳಿಯದೆ ಕೂತಿದ್ದನ್ನು ಕಂಡು ಅಕ್ಕೋರಿಗೆ ಕನಿಕರ ಬಂತು. ಹೊಸದಾಗಿ ಬಂದ ಟೀಚರು, ನಮ್ಮ ಮನೆಯ ಸನ್ನೆ ಅವರಿಗೇನು ಗೊತ್ತು? ಇವನತ್ತ ತಿರುಗಿ ಅಂಗೈ ತಿಕ್ಕಿ ತೋರಿಸಿದರು, ಬೇಡ ಎಂದು ಕೈ ಆಡಿಸಿದರು, ಕಣ್ಣು ಮುಚ್ಚಿ ಕತ್ತು ವಾಲಿಸಿದರು. ತಂಬಾಕು ಬೇಡ, ಸಾಯುತ್ತೀ ಎಂದು ಅವರು ಹೇಳಿದ್ದು. ಅಪ್ಪ ಇಲ್ಲ, ಸತ್ತ ಎಂದು ಇವನು ತಿಳಿದದ್ದು. ಅದೂ ಇಡೀ ಶಾಲೆಯ ಎದುರಿಗೆ.

ಮನೆಗೆ ಬಂದವನೇ ಚೀಲ ಒಗೆದು, ಗೋಡೆಗೆ ಮುಖ ಮಾಡಿ ಮಲಗಿದ. ಅವ್ವ ಬಹಳ ರಮಿಸಿದ ಮೇಲೆ ಎದ್ದು ಆ ಮೂರೂ ಸನ್ನೆ ಮಾಡಿ ತೋರಿಸಿದ. ಶಾಲೆಗೆ ಹೋಗಿ ಜಗಳ ತೆಗೆಯುವಷ್ಟು ಸಿಟ್ಟು ಬಂತು ನನಗೆ. ಆದರೆ ಅವರು ಹೇಳಿದ್ದೂ ಸುಳ್ಳಲ್ಲ, ಇವನು ತಿಳಿದದ್ದೂ ಸುಳ್ಳಲ್ಲ. ಯಾರ ಜೊತೆ ಜಗಳವಾಡಲಿ?

ಮುಂದಿನ ವಾರ ಹಿತ್ತಲಲ್ಲಿ ಅವನು ಸಿಕ್ಕಿಬಿದ್ದ. ಅಪ್ಪನ ತಂಬಾಕಿನ ಚಂಚಿ ತೊಡೆಯ ಮೇಲಿತ್ತು. ತುಟಿಯೊಳಗೆ ಒಂದು ಚಿಟಿಕೆ ಇಟ್ಟುಕೊಂಡು ಇನ್ನಷ್ಟು ತಿಕ್ಕುತ್ತಿದ್ದ. ಅವನ ಕೈ ಝಾಡಿಸಿ, ನನ್ನ ಅಂಗೈ ತಿಕ್ಕಿ, ಇದು ಬೇಡ ಎಂದೆ. ಅವನು ಎದೆ ಮುಟ್ಟಿಕೊಂಡು ಮತ್ತೆ ಅಂಗೈ ತಿಕ್ಕಿದ. ನನ್ನ ಅಪ್ಪ. ತಂಬಾಕು ಬಿಡು ಎನ್ನಲು ನನ್ನ ಬಳಿ ಬೇರೆ ಸನ್ನೆಯೇ ಇರಲಿಲ್ಲ.

ಅಕ್ಕೋರನ್ನು ಮನೆಗೆ ಕರೆಸಿದೆವು. ಆ ಸನ್ನೆಯ ಅರ್ಥವನ್ನೂ ಅಪ್ಪ ಹೋದ ಬಗೆಯನ್ನೂ ತಿಳಿದು ಅವರ ಮುಖ ಬಾಡಿತು.

"ನನಗ ಗೊತ್ತಿರಲಿಲ್ಲರಿ."

"ನೀವರ ಏನ್ ಮಾಡ್ತೀರ್ರಿ ಅಕ್ಕೋರ, ನಾವ ನಕ್ಕೊಂತ ಬೆಳೆಸಿದ ಹೆಸರದು" ಎಂದಳು ಅವ್ವ.

ಅಕ್ಕೋರು ತಮ್ಮನನ್ನು ಹತ್ತಿರ ಕೂರಿಸಿಕೊಂಡರು. ಚಂಚಿ ತೋರಿಸಿದರು, ದವಡೆ ಮುಟ್ಟಿಕೊಂಡರು, ಬಾಯಿ ಬಿಗಿಹಿಡಿದು, ಅವ್ವ ಕೊಟ್ಟ ಅಂಬಲಿಯ ಚಮಚ ಒಳಗೆ ಹೋಗದಂತೆ ಮಾಡಿದರು. ಅವನು ಆ ಚಮಚವನ್ನೇ ನೋಡುತ್ತ ಕೂತ. ಆಮೇಲೆ ಚಂಚಿ ತೆಗೆದುಕೊಂಡು ಹೋಗಿ ತಾನೇ ಒಲೆಗೆ ಹಾಕಿದ.

ಅಪ್ಪನಿಗೆ ಹೊಸ ಹೆಸರು ಹುಡುಕಿದೆವು: ತಲೆಯ ಸುತ್ತ ಬೆರಳು ತಿರುಗಿಸುವುದು, ಅಪ್ಪ ಸುತ್ತುತ್ತಿದ್ದ ರುಮಾಲು. ತಮ್ಮ ಒಪ್ಪಲಿಲ್ಲ. ರುಮಾಲು ಸುತ್ತಿದವರು ಓಣಿಯಲ್ಲಿ ಎಷ್ಟು ಜನ!

"ಬಿಡಬೇ, ಒತ್ತಾಯ ಮಾಡಬ್ಯಾಡ" ಎಂದಳು ಅವ್ವ. "ಅದನ್ನೂ ಕಸಗೊಂಡ್ರ ಅವಂಗೇನ್ ಉಳಿತೈತಿ?"

ಈಗಲೂ ಆಗಾಗ ಹಿತ್ತಲಲ್ಲಿ ಒಬ್ಬನೇ ಕೂತು ಅಂಗೈ ತಿಕ್ಕುತ್ತಾನೆ. ಚಟಕ್ಕೆ ಬಿದ್ದಿದ್ದಾನೋ, ಅಪ್ಪನನ್ನು ಕರೆಯುತ್ತಿದ್ದಾನೋ, ದೂರದಿಂದ ತಿಳಿಯುವುದಿಲ್ಲ. ಹೋಗಿ ಕೈ ಹಿಡಿದು ಮೂಸುತ್ತೇನೆ. ಮೊನ್ನೆ ನಾನು ಹತ್ತಿರ ಹೋಗುತ್ತಲೇ ಅವನೇ ಅಂಗೈಯನ್ನು ನನ್ನ ಮೂಗಿಗೆ ಹಿಡಿದ. ಬರೀ ಸಾಬೂನಿನ ವಾಸನೆ. ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಅಪ್ಪನ ವಾಸನೆ ಎಲ್ಲೂ ಇರಲಿಲ್ಲ, ಆ ಕೈ ಬಿಡದೆ ಅತ್ತುಬಿಟ್ಟೆ.