ಗಿರಣಿ ಅಕ್ಕನ ಉಪವಾಸ

ಮೊನ್ನೆ ಹುಕ್ಕೇರಿಯಲ್ಲಿ ಜೋಳ ಬೀಸಿಸಿಕೊಂಡು ಮನೆಗೆ ಬರುತ್ತಿದ್ದೆ. ಡಬ್ಬಿಯ ಬಿಸಿ ಹೊಟ್ಟೆಗೆ ತಾಗುತ್ತಿತ್ತು. ಮುಚ್ಚಳದ ಸಂದಿಯಿಂದ ಬಿಸಿ ಹಿಟ್ಟಿನ ವಾಸನೆ ಬಂತು. ಮುಂದೆ ನಡೆಯಲಾಗದೆ ಒಂದು ಕಟ್ಟೆಯ ಮೇಲೆ ಡಬ್ಬಿ ಇಟ್ಟು ನಿಂತುಬಿಟ್ಟೆ. ಮೂಡಲಗಿಯ ಗಿರಣಿ ಅಕ್ಕ ನೆನಪಾಗಿದ್ದಳು...

ಮೂಡಲಗಿಯ ಶಾಲೆಗೆ ಶಿಕ್ಷಕಿಯಾಗಿ ಹೋದಾಗ ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. ಬಾಡಿಗೆ ಕೋಣೆ ಸಿಕ್ಕಿದ್ದು ಹಿಟ್ಟಿನ ಗಿರಣಿಯ ಪಕ್ಕದಲ್ಲಿ. ಗಿರಣಿ ನಡೆಸುತ್ತಿದ್ದವಳು ಜೈನ ಮನೆತನದ ಹೆಣ್ಣುಮಗಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತಾಯಿ ಸತ್ತಾಗ ತೊಟ್ಟಿಲಲ್ಲಿದ್ದ ತಮ್ಮನನ್ನು ಅವಳೇ ಬೆಳೆಸಿದ್ದಳು. ಆ ತಮ್ಮ ಆಗ ಸೈನ್ಯದಲ್ಲಿದ್ದ. ಹುಬ್ಬು, ರೆಪ್ಪೆಗಳ ಮೇಲೆಲ್ಲ ಹಿಟ್ಟು ಕೂತು ಅಕ್ಕ ಯಾವಾಗಲೂ ತನ್ನ ವಯಸ್ಸಿಗಿಂತ ಮುದುಕಿಯಾಗಿ ಕಾಣುತ್ತಿದ್ದಳು. ಸೂರ್ಯ ಮುಳುಗುವ ಮೊದಲೇ ಉಣ್ಣುವುದು ಅವರ ಪದ್ಧತಿ. ದಿನಾ ಸಂಜೆ ಗೋಡೆಯಾಚೆಯಿಂದ, ‘ಟೀಚರ್ರ, ಬರ್ರಿ, ಹೊತ್ತು ಮುಣಗಾಕ ಬಂತು’ ಎಂದು ಕರೆಯುತ್ತಿದ್ದಳು. ಆ ಊರಲ್ಲಿ ನನ್ನನ್ನು ಊಟಕ್ಕೆ ಕರೆಯುವ ದನಿ ಅದೊಂದೇ.

ಎರಡು ಸಾವಿರದ ಎರಡರ ಬೇಸಿಗೆ. ಗಡಿಯ ಎರಡೂ ಕಡೆ ಸೈನ್ಯ ಬಂದು ನಿಂತು ತಿಂಗಳುಗಳೇ ಆಗಿದ್ದವು. ಅಕ್ಕನ ತಮ್ಮನೂ ಅಲ್ಲೇ ಇದ್ದ. ಇಂದೋ ನಾಳೆಯೋ ಯುದ್ಧ ಎಂದು ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲೆಲ್ಲೂ ಅದೇ ಮಾತು. ಒಂದು ಸಂಜೆ ಊರ ಹುಡುಗರು ಹಲಗೆ ಬಡಿಯುತ್ತ, ಯುದ್ಧ ಬೇಕೇ ಬೇಕು ಎಂದು ಕೂಗುತ್ತ ಗಿರಣಿಯ ಮುಂದೆ ಹಾದುಹೋದರು. ಅಕ್ಕ ಗಿರಣಿ ನಿಲ್ಲಿಸಿದಳು.

‘ಬೀಸೋ ಕಲ್ಲಿಗೆ ಯಾರ ಹೊಲದ ಕಾಳಾದ್ರೇನ್ರಿ ಟೀಚರ್ರ’ ಅಂದಳು. ‘ಗಡಿ ಆ ಕಡಿನೂ ಒಬ್ಬಾಕಿ ಅಕ್ಕ ಇರತಾಳ.’

ಮರುದಿನ ಬಸ್ ಸ್ಟ್ಯಾಂಡಿನ ಎದುರು ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತಳು. ಚೀಲದ ಬಟ್ಟೆಯ ಮೇಲೆ ಇದ್ದಿಲಿನಿಂದ ಬರೆದದ್ದು ಎರಡೇ ಶಬ್ದ: ‘ಯುದ್ಧ ಬ್ಯಾಡ.’ ಸೈನ್ಯ ಹಿಂದೆ ಸರಿಯುವವರೆಗೆ ಅನ್ನವಿಲ್ಲ. ದಿನಕ್ಕೊಮ್ಮೆ ಕಾಸಿ ಆರಿಸಿದ ನೀರು ಮಾತ್ರ. ಶಾಲೆಗೆ ಬೇಸಿಗೆಯ ಸೂಟಿ ಇತ್ತು. ನನಗೂ ಹೋಗಲು ಬೇರೆ ಊರಿರಲಿಲ್ಲ. ನೀರು ಕಾಸಿ, ಸೋಸಿ ಒಯ್ಯುವ ಕೆಲಸ ನನ್ನದಾಯಿತು.

ಬಸದಿಯ ಹಿರಿಯರೊಬ್ಬರು ಬಂದರು. ‘ವ್ರತ ಆತ್ಮಕ್ಕ ಮಾಡೂದವ್ವಾ, ಸರಕಾರಕ್ಕಲ್ಲ. ಏಳು’ ಎಂದರು.

‘ಅಲ್ಲಿ ಸಾಯವ್ರಿಗೂ ಆತ್ಮ ಐತೆಲ್ರಿ ಕಾಕಾ’ ಅಂದಳು ಅಕ್ಕ. ಅವರು ತಲೆ ತಗ್ಗಿಸಿ ಹೋದರು.

ಹುಡುಗರು ದೇಶದ್ರೋಹಿ ಎಂದರು. ನಾಗನೂರಿನ ಕಡೆಯಿಂದ ಕುರುಬರ ಮುದುಕಿಯೊಬ್ಬಳು ಸಿಟ್ಟಿನಿಂದ ಬಂದು ಎದುರು ನಿಂತಳು. ‘ನನ್ನ ಮಗಾನೂ ಅಲ್ಲೇ ಅದಾನ. ನೀ ಹಿಂಗ ಕುಂತ್ರ ಅವನ ಮಾನ ಏನಾಗಬೇಕ?’

ಅಕ್ಕ ಅವಳ ಮುಖ ನೋಡಿ ಕೇಳಿದಳು: ‘ಫೋನ್ ಮಾಡಿದ್ನೇನವ್ವಾ?’

‘ಹೋಳಿ ಹುಣ್ಣಿವಿಗೆ ಮಾಡಿದ್ದ. ಆಮ್ಯಾಲ ಇಲ್ಲ...’

ಮುದುಕಿ ಅಲ್ಲೇ ಕುಸಿದು ಕೂತಳು. ಸಂಜೆ ಅವಳ ಮನೆಯವರು ಬಂದು ರಟ್ಟೆ ಹಿಡಿದು ಕರೆದೊಯ್ಯುವವರೆಗೂ ಇಬ್ಬರೂ ಒಂದೇ ಚಾಪೆಯ ಮೇಲೆ ಇದ್ದರು. ಮತ್ತೆ ಯಾರೂ ಅಕ್ಕನ ಜೊತೆ ಬಂದು ಕೂರಲಿಲ್ಲ. ಬಸ್ಸುಗಳು ಬಂದವು, ಹೋದವು. ಕಿಟಕಿಯಿಂದ ಜನ ಚೀಲದ ಬಟ್ಟೆಯ ಮೇಲಿನ ಬರಹ ಓದಿ ಮುಖ ತಿರುಗಿಸಿದರು.

ಒಂದು ಮಧ್ಯಾಹ್ನ, ಬಿಸಿಲು ಬೆಂಕಿಯಾಗಿದ್ದಾಗ, ಅವಳು ನನ್ನ ಹೆಗಲಿಗೆ ಒರಗಿದಳು. ನಿದ್ದೆ ಬಂತೆಂದುಕೊಂಡೆ; ಅಲುಗಿಸಿದರೆ ಎಚ್ಚರವಾಗಲಿಲ್ಲ. ಟೆಂಪೊ ಮಾಡಿ ಗೋಕಾಕದ ದವಾಖಾನೆಗೆ ಒಯ್ದೆವು. ಸಲಾಯಿನ್ ಹಚ್ಚಲು ಬಂದ ನರ್ಸಿನ ಕೈಯನ್ನು ಅವಳು ಮೆಲ್ಲಗೆ ಸರಿಸಿದಳು.

‘ತಮ್ಮಗ ಹೇಳಬ್ಯಾಡ್ರಿ’ ಅಂದಳು ನನಗೆ. ‘ಅವನ ಧ್ಯಾನ ಇಲ್ಲಿ ಬಂದ್ರ ಅಲ್ಲಿ ಘಾತ ಆಕ್ಕೈತಿ.’

ಮರುದಿನ ಹೋದಳು. ಬಿಸಿಲು ಬಡಿದು ಸತ್ತಳೆಂದು ಊರು ಹೇಳಿತು. ಹಲಗೆ ಬಡಿದಿದ್ದ ಹುಡುಗರಲ್ಲಿ ಒಬ್ಬ ಬಂದು ಹೆಣಕ್ಕೆ ಹೆಗಲು ಕೊಟ್ಟ.

ಯುದ್ಧ ಆಗಲಿಲ್ಲ. ಮಳೆಗಾಲ ಕಳೆದ ಮೇಲೆ ಸೈನ್ಯ ಹಿಂದೆ ಸರಿಯಿತು. ದೀಪಾವಳಿಗೆ ಸ್ವಲ್ಪ ಮೊದಲು ತಮ್ಮ ರಜೆಗೆ ಬಂದ, ಅಕ್ಕನಿಗೊಂದು ಉಣ್ಣೆಯ ಶಾಲು ಹಿಡಿದುಕೊಂಡು. ಅವಳ ಮಾತಿನಂತೆ ಅವನಿಗೆ ಯಾರೂ ಸುದ್ದಿ ಕಳಿಸಿರಲಿಲ್ಲ. ಬೀಗ ಹಾಕಿದ ಗಿರಣಿಯ ಮುಂದೆ ಅವನಿಗೆ ಎಲ್ಲ ಹೇಳಿದವಳು ನಾನು. ಬಹಳ ಹೊತ್ತು ಶಾಲಿನ ಮಡಿಕೆಯನ್ನು ಸರಿಮಾಡುತ್ತ ಕೂತಿದ್ದ.

‘ನಾ ಒಂದು ಗುಂಡೂ ಹಾರಿಸಲಿಲ್ರಿ ಟೀಚರ್ರ’ ಅಂದ. ‘ನನ್ನ ಬಾಜೂಕ ನಿಂತಾವ್ರೂ ಜೀವಂತ ಬಂದ್ರು. ನಮ್ಮ ಮನ್ಯಾಗ ಸತ್ತಾಕಿ ಆಕಿ.’

ಮುಂದೆ ಗಿರಣಿ ಮಾರಿಹೋಯಿತು. ನನಗೂ ವರ್ಗವಾಯಿತು. ಯುದ್ಧ ತಪ್ಪಿದ್ದು ಅವಳಿಂದ ಎಂದು ನಾನೆಂದೂ ಹೇಳಿಲ್ಲ. ದಿಲ್ಲಿಗೆ ಅವಳ ಹೆಸರು ಮುಟ್ಟಿರಲಿಕ್ಕೂ ಇಲ್ಲ. ಆದರೂ...

ಮೊನ್ನೆ ಮನೆಗೆ ಬಂದವಳೇ ಅವಳ ತಮ್ಮನಿಗೆ ಫೋನು ಮಾಡಿದೆ. ಅವನು ನಿವೃತ್ತನಾಗಿ ಗೋಕಾಕದಲ್ಲಿದ್ದಾನೆ. ಈ ಸಲ ಸ್ವಾತಂತ್ರ್ಯ ದಿನಕ್ಕೆ ಒಂದು ಶಾಲೆಯವರು ಧ್ವಜ ಹಾರಿಸಲು ಕರೆದಿದ್ದರಂತೆ. ಹುತಾತ್ಮರಿಗಾಗಿ ಮೌನವಾಗಿ ನಿಲ್ಲುವ ಮೊದಲು ಇವನು ತನ್ನ ಅಕ್ಕನನ್ನೂ ನೆನೆಸಿರೆಂದು ಕೇಳಿಕೊಂಡನಂತೆ. ಆಮೇಲೆ ಹುಡುಗಿಯೊಬ್ಬಳು ಬಳಿ ಬಂದಳಂತೆ.

‘ನಿಮ್ಮ ಅಕ್ಕಾರು ಯಾವ ಯುದ್ಧದಾಗ ತೀರಿಕೊಂಡ್ರಿ ಅಂತ ಕೇಳಿತ್ರಿ ಆ ಕೂಸು’ ಅಂದ.

‘ನೀವೇನಂದ್ರಿ?’ ಎಂದೆ.

‘ಆಗದ ಹೋದ ಯುದ್ಧದಾಗ ಅಂದ್ನಿರಿ.’

ಅವಳನ್ನು ನೆನೆಯಲು ಈಗ ಉಳಿದವರು ನಾವಿಬ್ಬರೇ ಇರಬೇಕು. ಆಮೇಲೆ ಫೋನು ಕಟ್ಟಾಯಿತು. ನಾನು ಮತ್ತೆ ಹಚ್ಚಲಿಲ್ಲ...